ಅದ್ರಾಮಾಕರ ಟ್ಯಾಂಕಿಗೆ ಬಂದ ಧಣಿಗಳು

ಪುತ್ತಿಗೆಯ ಅದ್ರಾಮಾಕ ಸ್ಕೂಟರಿನ ಹಾರ್ನ್ ಒಂದು ಸಲ ಒತ್ತಿದರೆ ಸಾಕು, ಮಂಗಳೂರಿನ ಮೀನುದೋಣಿಗಳ ಧಕ್ಕೆಯಿಂದ ಹನ್ನೆರಡು ಮೈಲು ಆಚೆ ನಡುಗಡಲಲ್ಲಿ ಬಂಗುಡೆಗಳು ಈಜುವುದನ್ನು ನಿಲ್ಲಿಸಿ, ಸಾಲಾಗಿ ನಿಂತು, ಈ ಸಲ ಕರೆದದ್ದು ಯಾರನ್ನು ಎಂದು ಒಂದರ ಮುಖ ಒಂದು ನೋಡುತ್ತಿದ್ದವು. ಬೂತಾಯಿಗಳು ಬಲೆಯನ್ನೂ ಕಾಯದೆ ತಾವೇ ದೋಣಿಗೆ ಹಾರುತ್ತಿದ್ದವು. ಅಂಜಲ್ ಮಾತ್ರ ಸ್ವಲ್ಪ ಜಂಬದ ಮೀನು. ಅದಕ್ಕೆ ಎರಡು ಸಲ ಒತ್ತಬೇಕಾಗುತ್ತಿತ್ತು.

ಇದು ಮೂಡುಬಿದಿರೆಯಿಂದ ಬೆಳ್ತಂಗಡಿಯವರೆಗೆ ಎಲ್ಲರಿಗೂ ಗೊತ್ತಿರುವ ಸಂಗತಿ. ನಂಬಿದವರು ಒಬ್ಬರನ್ನು ಬಿಟ್ಟರೆ ಯಾರೂ ಇಲ್ಲ, ಅದು ಬೇರೆ ಮಾತು. ಗೊತ್ತಿರುವುದು ಯಾಕೆಂದರೆ ಅದ್ರಾಮಾಕರೇ ಮೂವತ್ತೆರಡು ವರ್ಷಗಳಿಂದ, ಒಂದೊಂದು ಮನೆಯ ಗೇಟಿನಲ್ಲೂ ತಕ್ಕಡಿ ಹಿಡಿದುಕೊಂಡು ಅದನ್ನು ಹೇಳಿದ್ದಾರೆ. ಅವರ ಪೂರ್ತಿ ಹೆಸರು ಅಬ್ದುಲ್ ರಹಿಮಾನ್. ವಾರಕ್ಕೆ ಮೂರು ದಿನ ವೇಣೂರು ದಾರಿಯಾಗಿ ಬೆಳ್ತಂಗಡಿಗೆ, ಮೂರು ದಿನ ಸಿದ್ದಕಟ್ಟೆ ದಾರಿಯಾಗಿ ಬಂಟ್ವಾಳಕ್ಕೆ ಸ್ಕೂಟರಿನಲ್ಲಿ ಮೀನು, ಶುಕ್ರವಾರ ರಜೆ. ರಜೆಯ ದಿನ ಕಡಲಿಗೂ ರಜೆ ಎಂದು ಅವರು ಹೇಳುವುದುಂಟು.

ಇಷ್ಟು ಹೇಳಿದ ಮೇಲೆ ಅವರ ಮೀನಿನ ಪೆಟ್ಟಿಗೆಯ ಬಗ್ಗೆ ಹೇಳದಿದ್ದರೆ ಅನ್ಯಾಯವಾಗುತ್ತದೆ. ದಿನಾ ಮಧ್ಯಾಹ್ನ ವ್ಯಾಪಾರ ಮುಗಿಸಿ ಬಂದು, ಊಟಕ್ಕೂ ಮೊದಲು, ಬ್ರಷ್ಷು, ಸೋಪಿನ ಪುಡಿ, ಬ್ಲೀಚಿಂಗ್ ಪೌಡರ್ ಹಿಡಿದು ಅವರು ಆ ಪೆಟ್ಟಿಗೆಯನ್ನು ಉಜ್ಜಲು ಕುಳಿತರೆ ಅದರ ಮೂಲೆಮೂಲೆಯೂ ತಪ್ಪೊಪ್ಪಿಕೊಳ್ಳಬೇಕು. ಪುತ್ತಿಗೆಯ ಬೆಕ್ಕುಗಳು ಬಂದು, ಮೂಸಿ, ದಾರಿ ತಪ್ಪಿ ಔಷಧದ ಅಂಗಡಿಗೆ ಬಂದೆವೇನೋ ಎಂದು ನಾಚಿಕೊಂಡು ಹಿಂದಕ್ಕೆ ಹೋಗುತ್ತಿದ್ದವಂತೆ. ಮೀನು ಎಂದರೆ ಸ್ವಚ್ಛತೆ, ವಾಸನೆ ಬಂದರೆ ವ್ಯಾಪಾರ ಮುಗಿಯಿತು: ಇದು ಅವರ ಧರ್ಮ.

ಆ ಧರ್ಮವನ್ನೇ ಅವರು ಗಾಜಿನ ಟ್ಯಾಂಕಿಗೂ ಹಚ್ಚಿದರು.

ಟ್ಯಾಂಕು ಮನೆಗೆ ಬಂದು ಎರಡು ತಿಂಗಳಾಗಿತ್ತು. ಮೂಡುಬಿದಿರೆಯಲ್ಲಿ ಬಣ್ಣದ ಮೀನಿನ ಅಂಗಡಿ ಇಟ್ಟಿರುವ ಇರ್ಷಾದ್ ಮನೆಗೆ ಬೂತಾಯಿ ಕೊಡಲು ಹೋದವರು, ಸತ್ತ ಮೀನು ಕೊಟ್ಟು ಜೀವಂತ ಮೀನು ತಂದರು. ಮೂರಡಿ ಉದ್ದದ ಟ್ಯಾಂಕು. ಅದ್ರಾಮಾಕರ ಬಾಯಲ್ಲಿ ಅದು ಬಂಟ್ವಾಳಕ್ಕೆ ಮುಟ್ಟುವಷ್ಟರಲ್ಲಿ ಆರಡಿ, ಬೆಳ್ತಂಗಡಿಗೆ ಮುಟ್ಟುವಷ್ಟರಲ್ಲಿ ಒಳಗೆ ಇಳಿಯಲು ಏಣಿ ಬೇಕಾಗುವಷ್ಟು. ಇರ್ಷಾದ್ ತಾಳ್ಮೆಯಿಂದ ಎಲ್ಲ ಹೇಳಿದ್ದ. ನೀರು ತುಂಬಿಸಿ, ಫಿಲ್ಟರ್ ಓಡಿಸಿ, ಮೊದಲು ಎರಡೇ ಎರಡು ಸಣ್ಣ ಮೀನು ಬಿಟ್ಟು ಕೆಲವು ವಾರ ಕಾಯಬೇಕು. ಮೀನಿನ ಹೊಲಸು ನೀರಿನಲ್ಲಿ ಅಮೋನಿಯಾ ಎನ್ನುವ ವಿಷವಾಗುತ್ತದೆ. ಅದನ್ನು ತಿಂದು ಜೀರ್ಣಿಸಿಕೊಳ್ಳುವ ಕಣ್ಣಿಗೆ ಕಾಣದ ಜೀವಿಗಳು ಫಿಲ್ಟರಿನ ಸ್ಪಂಜಿನೊಳಗೆ ಮೆಲ್ಲನೆ ಮನೆ ಮಾಡುತ್ತವೆ. ಸ್ಪಂಜು ಕಂದು ಬಣ್ಣಕ್ಕೆ ತಿರುಗಿ ಲೋಳೆಯಾದರೆ ಸಂತೋಷಪಡಬೇಕು. ಅದನ್ನು ಸೋಪು ಹಾಕಿ ತೊಳೆಯಲೇಬಾರದು. ತೀರಾ ಕಟ್ಟಿಕೊಂಡರೆ ಟ್ಯಾಂಕಿನಿಂದಲೇ ತೆಗೆದ ನೀರಿನಲ್ಲಿ ಒಮ್ಮೆ ಅದ್ದಿ ಹಿಂಡಿದರೆ ಸಾಕು. ತಿಂಡಿ ದಿನಕ್ಕೆ ಒಂದು ಚಿಟಿಕೆ.

ಅದ್ರಾಮಾಕ ಎಲ್ಲದಕ್ಕೂ ಆಯ್ತು ಆಯ್ತು ಎಂದರು. ಮನಸ್ಸಿನಲ್ಲಿ, ಮೊನ್ನೆ ಮೊನ್ನೆ ಹುಟ್ಟಿದವನು ನನಗೆ ಮೀನು ಕಲಿಸುತ್ತಾನಲ್ಲ ಎಂದುಕೊಂಡರು. ಮನೆಗೆ ಬಂದವರೇ ಒಟ್ಟಿಗೆ ಆರು ಕೆಂಪು ಮೀನು ಬಿಟ್ಟರು, ಹೋಟೆಲಿನಲ್ಲಿ ಬಡಿಸುವ ಹಾಗೆ ತಿಂಡಿ ಬಡಿಸಿದರು. ಸ್ಪಂಜು ಸ್ವಲ್ಪ ಕಂದಾದ ಕೂಡಲೇ ಅದನ್ನು ಹೊರಗೆಳೆದು, ಮೀನಿನ ಪೆಟ್ಟಿಗೆಯ ಪಕ್ಕದಲ್ಲಿಟ್ಟು, ಅದೇ ಬ್ರಷ್ಷು, ಅದೇ ಬ್ಲೀಚಿಂಗ್ ಪೌಡರಿನಿಂದ ಹಾಲಿನಷ್ಟು ಬೆಳ್ಳಗಾಗುವವರೆಗೆ ಉಜ್ಜಿದರು. ಹೀಗೆ ದಿನಾ. ಆ ಟ್ಯಾಂಕಿನ ನೀರು ಎಷ್ಟು ತಿಳಿಯಾಗಿತ್ತೆಂದರೆ ಒಂದು ದಿನ ನೊಣವೊಂದು ನೀರಿಲ್ಲವೆಂದು ತಿಳಿದು ಅಡ್ಡ ಹಾರಲು ಹೋಗಿ ಮುಳುಗಿತು.

ಬಂಟ್ವಾಳದಲ್ಲಿ ಶೀನಪ್ಪಣ್ಣನ ಊಟದ ಹೋಟೆಲಿಗೆ ಮೀನು ಕೊಡುವಾಗ ಈ ನೊಣದ ಕತೆಯೂ ಹೋಯಿತು. ನನ್ನ ಟ್ಯಾಂಕಿನಲ್ಲಿ ಎರಡು ತಿಂಗಳಿಂದ ಒಂದು ಮೀನೂ ಸತ್ತಿಲ್ಲ, ಸಾಯಲು ಅವಕ್ಕೆ ಪುರುಸೊತ್ತೇ ಇಲ್ಲ ಎಂದು ಅದ್ರಾಮಾಕ ಹೇಳಿದರು. ಶೀನಪ್ಪಣ್ಣ ಮಂಜುಗಡ್ಡೆಯಿಂದ ಅಂಜಲ್ ಎತ್ತಿ ನೋಡುತ್ತ, "ಅದ್ರಾಮಾಕ, ನಿಮಗೆ ಬದುಕಿದ ಮೀನಿನ ಪರಿಚಯ ಯಾವಾಗ ಆದದ್ದು?" ಎಂದು ಕೇಳಿದ. ಹೋಟೆಲಿನಲ್ಲಿ ಊಟಕ್ಕೆ ಕುಳಿತವರೂ ನಕ್ಕರು. ಒಬ್ಬರು ಮಾತ್ರ ನಗಲಿಲ್ಲ. ಅದು ಶೀನಪ್ಪಣ್ಣನ ಹೆಂಡತಿ ರಾಜೀವಕ್ಕ. ಇಡೀ ಮೂರು ತಾಲೂಕಿನಲ್ಲಿ ಅದ್ರಾಮಾಕರ ಮಾತನ್ನು ನಂಬುವ ಏಕೈಕ ಮನುಷ್ಯರು ಅವರು. ಅವರಿಗೆ ನಂಬುವ ಅಗತ್ಯವೂ ಇತ್ತು.

ರಾಜೀವಕ್ಕನ ಮನೆಯಲ್ಲಿ ಎಂಟು ವರ್ಷದಿಂದ ಒಂದು ಗೋಲ್ಡ್‌ಫಿಶ್ ಇತ್ತು. ಅಂಗೈ ಅಗಲದ್ದು, ತುಂಬಿದ ಹೊಟ್ಟೆ, ತೋಟ ನೋಡಲು ಹೊರಟವರ ಹಾಗೆ ನಿಧಾನ ನಡಿಗೆ. ಅದಕ್ಕೇ ಅದರ ಹೆಸರು ಧಣಿಗಳು. ಮನೆಯಲ್ಲಿ ಎಲ್ಲರೂ ಅದನ್ನು ಬಹುವಚನದಲ್ಲೇ ಮಾತಾಡಿಸುವುದು. ಈಗ ಮನೆಗೆ ಪೈಂಟ್ ಹೊಡೆಸುವುದಿತ್ತು, ಆ ಘಾಟು ಮೀನಿಗೆ ಆಗುವುದಿಲ್ಲ. ಎಂಟು ದಿನ ಧಣಿಗಳನ್ನು ಎಲ್ಲಿ ಬಿಡುವುದು ಎಂದು ಅವರಿಗೆ ನಿದ್ದೆ ಇರಲಿಲ್ಲ.

"ಒಂದೂ ಸತ್ತಿಲ್ಲವಾ, ಅದ್ರಾಮಾಕ? ನಿಜವಾಗಿ?" ಎಂದು ರಾಜೀವಕ್ಕ ಕೇಳಿದರು.

ಇಲ್ಲೊಂದು ಕ್ಷಣ ಇತ್ತು. ತಕ್ಕಡಿ ಕೆಳಗಿಟ್ಟು ಇನ್ನೊಂದು ಮಾತು ಹೇಳಬಹುದಾದ ಕ್ಷಣ. ಅದ್ರಾಮಾಕ ಅದನ್ನು ದಾಟಿ ಹೋದರು. "ಎಂಟು ದಿನ ಯಾಕೆ ರಾಜೀವಕ್ಕ, ಎಂಟು ವರ್ಷ ಬಿಡಿ. ಧಣಿಗಳು ವಾಪಸು ಬರುವಾಗ ನಿಮಗೆ ಗುರುತೇ ಸಿಕ್ಕುವುದಿಲ್ಲ."

ಸೋಮವಾರ ಶೀನಪ್ಪಣ್ಣನ ಕಾರು ಪುತ್ತಿಗೆಗೆ ಬಂತು. ಹಿಂದಿನ ಸೀಟಿನಲ್ಲಿ ರಾಜೀವಕ್ಕ, ಅವರ ಮಡಿಲಲ್ಲಿ ಮುಚ್ಚಳದ ಬಕೆಟು, ಬಕೆಟಿನಲ್ಲಿ ಧಣಿಗಳು. ಬಂಟ್ವಾಳದಿಂದ ಇಲ್ಲಿಯವರೆಗೆ ಇವಳು ಕಾರನ್ನು ಇಪ್ಪತ್ತರ ವೇಗಕ್ಕಿಂತ ಮೇಲೆ ಹೋಗಲು ಬಿಡಲಿಲ್ಲ, ಹಿಂದೆ ಬಸ್ಸಿನವನು ಹಾರ್ನ್ ಹೊಡೆದೂ ಹೊಡೆದೂ ಬೇಸತ್ತು ಕೊನೆಗೆ ಟಾಟಾ ಮಾಡಿದ ಎಂದು ಶೀನಪ್ಪಣ್ಣ ದೂರಿದ. ಟ್ಯಾಂಕು ನೋಡಿ ರಾಜೀವಕ್ಕನ ಮುಖ ಅರಳಿತು. ಆರು ಕೆಂಪು ಮೀನುಗಳು ಚುರುಕಾಗಿ ಓಡಾಡುತ್ತಿದ್ದವು, ಗಾಜು ಫಳಫಳ. ಹೊರಡುವ ಮುಂಚೆ ಅವರು ಚೀಲದಿಂದ ಒಂದು ಡಬ್ಬ ತೆಗೆದು ಕೊಟ್ಟರು. ಅದು ಅವರ ಹಳೆಯ ಟ್ಯಾಂಕಿನ ಫಿಲ್ಟರಿನ ಸ್ಪಂಜು, ಅದರದೇ ನೀರಿನಲ್ಲಿ. ಇದನ್ನೂ ನಿಮ್ಮದರಲ್ಲಿ ಹಾಕಿ, ಧಣಿಗಳಿಗೆ ಮನೆಯ ಹಾಗೆ ಇರುತ್ತದೆ ಎಂದರು.

ಕಾರು ತಿರುವು ದಾಟಿದ ಮೇಲೆ ಅದ್ರಾಮಾಕ ಮುಚ್ಚಳ ತೆರೆದರು. ಕೆಸರು ಬಣ್ಣ, ಲೋಳೆ, ಹೊಳೆಯ ಬದಿಯ ವಾಸನೆ. ಅವರ ಮೂವತ್ತೆರಡು ವರ್ಷದ ಧರ್ಮ ಎದ್ದು ನಿಂತಿತು. ಡಬ್ಬವನ್ನು ಹೆಂಡತಿ ಪಾತುಮ್ಮಳ ಕೈಗೆ ಕೊಟ್ಟು, ಬಿಸಾಡು ಎಂದರು.

ಮಂಗಳವಾರ ಧಣಿಗಳು ಚೆನ್ನಾಗಿದ್ದರು. ಅದ್ರಾಮಾಕ ಬೆಳ್ತಂಗಡಿಯಲ್ಲಿ, ತಮ್ಮ ಮನೆಗೆ ಒಬ್ಬರು ಜಮೀನುದಾರರು ಬಂದಿಳಿದಿದ್ದಾರೆ, ದಿನಕ್ಕೆ ಮೂರು ಸಲ ಸ್ನಾನದ ನೀರು ಬದಲಾಯಿಸಲು ಹೇಳುತ್ತಾರೆ ಎಂದು ಪ್ರಚಾರ ಮಾಡಿದರು. ಬುಧವಾರ ಧಣಿಗಳು ಊಟ ಬಿಟ್ಟರು. ದೊಡ್ಡವರು ಹೊಸ ಮನೆಯಲ್ಲಿ ಸಂಕೋಚಪಡುತ್ತಾರೆ ಎಂದುಕೊಂಡು ಅದ್ರಾಮಾಕ ಇನ್ನೊಂದು ಹಿಡಿ ತಿಂಡಿ ಹಾಕಿದರು, ಸ್ಪಂಜನ್ನು ಇನ್ನೊಂದು ಸಲ ಉಜ್ಜಿದರು.

ಗುರುವಾರ ಬೆಳಗ್ಗೆ ಎರಡು ಕೆಂಪು ಮೀನು ಬೆನ್ನು ಕೆಳಗೆ ಮಾಡಿ ತೇಲುತ್ತಿದ್ದವು. ಅವನ್ನು ಅದ್ರಾಮಾಕ ಸದ್ದಿಲ್ಲದೆ ಹಿತ್ತಲಿಗೆ ಸಾಗಿಸಿದರು. ಒಳಗೆ ಬಂದು ನೋಡಿದರೆ ಧಣಿಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರು. ರೆಕ್ಕೆ ಮೈಗೆ ಅಂಟಿಕೊಂಡಿತ್ತು. ಅದ್ರಾಮಾಕ ಪರೀಕ್ಷೆ ಮಾಡದೆ ಹೆದರುವವರಲ್ಲ. ಕೈ ಒದ್ದೆ ಮಾಡಿಕೊಂಡು ಧಣಿಗಳನ್ನು ಮೆಲ್ಲನೆ ಹಿಡಿದು, ಹೆಬ್ಬೆರಳಿನಿಂದ ಕಿವಿರು ಎತ್ತಿ ನೋಡಿದರು.

ಕೆಂಪು. ದಾಸವಾಳದಂಥ ಕೆಂಪು.

ಅವರಿಗೆ ಹೋದ ಜೀವ ಬಂತು. ಕಿವಿರು ಕೆಂಪಾಗಿದ್ದರೆ ಮೀನು ಫಸ್ಟ್ ಕ್ಲಾಸ್. ಇದನ್ನು ಧಕ್ಕೆಯಲ್ಲಿ ಕೂಸಿಗೂ ಹೇಳಿಕೊಡಬೇಕಾಗಿಲ್ಲ. ಇಷ್ಟು ಕೆಂಪು ಕಿವಿರು ಅವರು ಇಡೀ ಜೀವನದಲ್ಲಿ ನೋಡಿರಲಿಲ್ಲ. ಒಂದು ಕೈಯಲ್ಲಿ ಕಿವಿರು, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ಫೋಟೋ ತೆಗೆದು, ಧಣಿಗಳನ್ನು ನೀರಿಗೆ ಬಿಟ್ಟು, ರಾಜೀವಕ್ಕನಿಗೆ ವಾಟ್ಸಾಪ್ ಮಾಡಿದರು. ಜೊತೆಗೆ ಧ್ವನಿ ಸಂದೇಶ: ಧಣಿಗಳ ಕಿವಿರು ನೋಡಿ, ಇಂಥ ಮೀನು ಧಕ್ಕೆಗೆ ಬಂದರೆ ಏಲಂ ಹರಾಜಿನಲ್ಲಿ ಹೊಡೆದಾಟವೇ ಆದೀತು.

ಎರಡನೇ ನಿಮಿಷಕ್ಕೆ ಫೋನು ಬಂತು.

"ಅದ್ರಾಮಾಕ," ಎಂದರು ರಾಜೀವಕ್ಕ, "ಬದುಕಿದವರ ಕಿವಿರು ಯಾರು ಎತ್ತಿ ನೋಡ್ತಾರೆ? ಇದು ಸುಟ್ಟ ಹಾಗೆ ಉಂಟು. ನಾವು ಹೊರಟೆವು."

ಸುಟ್ಟ ಹಾಗೆ. ಬಂಟ್ವಾಳದಿಂದ ಪುತ್ತಿಗೆಗೆ ಎಷ್ಟು ಹೊತ್ತು, ಬಕೆಟ್ ಇಲ್ಲದ ಕಾರು ಎಷ್ಟು ಓಡುತ್ತದೆ, ಎಲ್ಲ ಲೆಕ್ಕ ಒಟ್ಟಿಗೆ ತಲೆಗೆ ಬಂತು. ಖಾಲಿ ಬಾಟಲಿಯಲ್ಲಿ ಟ್ಯಾಂಕಿನ ನೀರು ತುಂಬಿಸಿ ಸ್ಕೂಟರ್ ಹತ್ತಿದರು. ಆ ದಿನ ಪುತ್ತಿಗೆಯಿಂದ ಮೂಡುಬಿದಿರೆಗೆ ಅವರು ಹೋದ ವೇಗಕ್ಕೆ ಅವರ ನೆರಳು ಅರ್ಧ ದಾರಿಯಲ್ಲೇ ಸೋತು ಬಸ್ ಸ್ಟಾಪಿನಲ್ಲಿ ಕುಳಿತುಬಿಟ್ಟಿತು. ದಾರಿಯಲ್ಲಿ ಗಿರಾಕಿಗಳು ಕೈ ಅಡ್ಡ ಹಿಡಿದು, ಬಂಗುಡೆ ಉಂಟಾ ಎಂದು ಕೇಳಿದರು. ಅದ್ರಾಮಾಕ ಉತ್ತರ ಕೊಡದೆ ಹೋದದ್ದು ಅದೇ ಮೊದಲು.

ಇರ್ಷಾದ್ ಗಾಜಿನ ಸಣ್ಣ ಕೊಳವೆಯಲ್ಲಿ ನೀರು ಹಾಕಿ, ಎರಡು ಬಾಟಲಿಯಿಂದ ಹನಿ ಹನಿ ಔಷಧ ಬಿಟ್ಟು ಕುಲುಕಿ ಮೇಜಿನ ಮೇಲಿಟ್ಟ. ಹಳದಿಯಾಗಿ ನಿಂತರೆ ಒಳ್ಳೆಯದು, ಹಸಿರಾದಷ್ಟೂ ಕೆಟ್ಟದ್ದು ಎಂದ. ನೀರು ಮೊದಲು ಹಳದಿಯಾಯಿತು. ಅದ್ರಾಮಾಕ ಉಸಿರು ಬಿಟ್ಟರು. ಮತ್ತೆ ಅದು ಎಳೆ ಹಸಿರಾಯಿತು, ಬಾಳೆ ಎಲೆಯ ಹಸಿರಾಯಿತು, ಕೊನೆಗೆ ಬಲಿತ ಕೆಸುವಿನ ಎಲೆಯ ಹಸಿರಾಗಿ ನಿಂತಿತು.

"ಕಾಕಾ, ಸ್ಪಂಜು ತೊಳೆದಿದ್ದೀರಾ?"

"ಸ್ವಲ್ಪ."

"ಎಂಥದ್ರಲ್ಲಿ?"

ಅದ್ರಾಮಾಕ ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡಿದರು. ಇರ್ಷಾದ್‌ಗೆ ಅರ್ಥವಾಯಿತು. ಬೈಯಲು ಅವನಿಗೆ ಸಮಯವಿರಲಿಲ್ಲ. ಟ್ಯಾಂಕಿನ ಅರ್ಧ ನೀರು ತೆಗೆದು ಅಷ್ಟೇ ಬಾವಿ ನೀರು ಮೆಲ್ಲನೆ ತುಂಬಿಸಬೇಕು, ಪೂರ್ತಿ ಬದಲಾಯಿಸಿದರೆ ಮೀನಿಗೆ ಆಘಾತವಾಗುತ್ತದೆ. ತಳದ ತಿಂಡಿಯನ್ನೆಲ್ಲ ಎಳೆದು ತೆಗೆಯಬೇಕು. ಎರಡು ದಿನ ಒಂದು ಕಾಳೂ ಹಾಕಬಾರದು. ಇಷ್ಟಾದರೂ ನಾಳೆ ಮತ್ತೆ ವಿಷ ಏರುತ್ತದೆ, ಯಾಕೆಂದರೆ ಬ್ಲೀಚಿಂಗ್ ಪೌಡರಿನಲ್ಲಿ ಮಿಂದ ಸ್ಪಂಜಿನಲ್ಲಿ ಅದನ್ನು ತಿನ್ನುವ ಒಂದು ಜೀವಿಯೂ ಉಳಿದಿಲ್ಲ. ವರ್ಷಗಟ್ಟಲೆ ಓಡಿದ ಟ್ಯಾಂಕಿನ ಹಳೆಯ, ಕೊಳಕಾದ ಸ್ಪಂಜು ಒಂದು ಸಿಕ್ಕಿದರೆ ಬದುಕಿಸಬಹುದು. "ನನ್ನದು ಕೊಡುವ ಅಂದ್ರೆ ಮೊನ್ನೆಯಿಂದ ಅಂಗಡಿಯ ಮೀನಿಗೆ ಕಾಯಿಲೆ, ಔಷಧ ಹಾಕಿದ್ದೇನೆ. ಎಲ್ಲಿಯಾದ್ರೂ ಎಂಟು-ಹತ್ತು ವರ್ಷದ ಸ್ಪಂಜು ಉಂಟಾ ಕಾಕಾ?"

ಅದ್ರಾಮಾಕರಿಗೆ ಡಬ್ಬ ನೆನಪಾಯಿತು. ಲೋಳೆ ನೆನಪಾಯಿತು. ಬಿಸಾಡು ಎಂದ ತಮ್ಮದೇ ಸ್ವರ ನೆನಪಾಯಿತು.

ಬರುವಾಗ ಹೋದದ್ದಕ್ಕಿಂತ ಜೋರು. ಹಿಂದೆ ಕುಳಿತ ಇರ್ಷಾದ್ ದಾರಿಯುದ್ದಕ್ಕೂ ಕಣ್ಣು ತೆರೆಯಲಿಲ್ಲ. ಅಂಗಳದಲ್ಲಿ ಸ್ಕೂಟರ್ ನಿಲ್ಲುವ ಮೊದಲೇ ಅದ್ರಾಮಾಕ ಇಳಿದು, ಆ ಡಬ್ಬ ಎಲ್ಲಿ ಬಿಸಾಡಿದೆ, ಯಾವ ಗುಂಡಿ, ಯಾವ ದಿಕ್ಕು ಎಂದು ಕೇಳುತ್ತ ಒಳಗೆ ಓಡಿದರು. ಪಾತುಮ್ಮ ತೆಂಗಿನಕಾಯಿ ತುರಿಯುತ್ತಿದ್ದಳು. ತುರಿಯುವುದನ್ನು ನಿಲ್ಲಿಸಲಿಲ್ಲ.

"ಅವರು ಅಷ್ಟು ದೂರದಿಂದ ಜತನ ಮಾಡಿ ತಂದದ್ದು. ಕೊಟ್ಟವರ ವಸ್ತು ಬಿಸಾಡ್ಲಿಕ್ಕೆ ಆಗ್ತದಾ? ಹಿತ್ತಲಿನ ನಲ್ಲಿಯ ಕೆಳಗೆ ಬಕೆಟಿನಲ್ಲಿ ಉಂಟು."

ಹಿತ್ತಲಿನ ಆ ನಲ್ಲಿ ತಿಂಗಳಿಂದ ತೊಟ್ಟಿಕ್ಕುತ್ತಿತ್ತು. ರಿಪೇರಿ ಮಾಡಿಸಿ ಎಂದು ಪಾತುಮ್ಮ ಹೇಳಿದಾಗಲೆಲ್ಲ ಅದ್ರಾಮಾಕ ತಾವು ಬೆರಳು ತೋರಿಸಿದರೆ ನಲ್ಲಿ ತಾನೇ ನಿಲ್ಲುತ್ತದೆ ಎನ್ನುತ್ತಿದ್ದರು. ಅದೃಷ್ಟಕ್ಕೆ ಬೆರಳು ತೋರಿಸಿರಲಿಲ್ಲ. ಬಾವಿ ನೀರು ಮೂರು ದಿನ ಹನಿ ಹನಿಯಾಗಿ ಬಿದ್ದು, ಒಳಗಿನದನ್ನು ಕೊಳೆಯಲು ಬಿಡದೆ, ಬಕೆಟಿನಿಂದ ಹೊರಚೆಲ್ಲುತ್ತಿತ್ತು. ಅದರೊಳಗೆ ರಾಜೀವಕ್ಕನ ಸ್ಪಂಜು, ಮೊದಲಿನಷ್ಟೇ ಕಂದು, ಮೊದಲಿನಷ್ಟೇ ಲೋಳೆ. ಇರ್ಷಾದ್ ಎತ್ತಿ ಮೂಸಿ ನೋಡಿದ. ಕೊಳೆತ ವಾಸನೆ ಇಲ್ಲ, ಮಣ್ಣಿನ ವಾಸನೆ, ಜೀವ ಉಂಟು ಎಂದ. ಅದ್ರಾಮಾಕರ ಕಣ್ಣಿಗೆ ಆ ಕೆಸರು ಬಣ್ಣದ ಸ್ಪಂಜು ಅತ್ತರಿನ ಬಾಟಲಿಯ ಹಾಗೆ ಕಂಡಿತು.

ಮತ್ತೆ ಅರ್ಧ ಗಂಟೆ ಮನೆಯಲ್ಲಿ ಯಾರಿಗೂ ಯಾರ ಮುಖ ನೋಡಲು ಪುರುಸೊತ್ತಿರಲಿಲ್ಲ. ಇರ್ಷಾದ್ ಪೈಪಿನಿಂದ ತಳದ ತಿಂಡಿ ಎಳೆದು ನೀರು ಇಳಿಸಿದ. ಪಾತುಮ್ಮ ಕೊಡಪಾನದಲ್ಲಿ ಬಾವಿ ನೀರು ತಂದು ತಂದು ಇಟ್ಟಳು. ಅದ್ರಾಮಾಕ ಚೊಂಬಿನಿಂದ, ಗಾಜಿಗೆ ತಾಗಿಸಿ, ನಿದ್ದೆ ಹೋದ ಮಗುವಿನ ಪಕ್ಕ ನಡೆಯುವಷ್ಟು ಮೆಲ್ಲಗೆ ಹೊಯ್ದರು. ಹಳೆಯ ಸ್ಪಂಜು ಫಿಲ್ಟರಿಗೆ ಸೇರಿತು. ಗುಳ್ಳೆಗಳು ಎದ್ದವು. ಧಣಿಗಳು ಮೇಲೆಯೇ ಇದ್ದರು. ಬಾಯಿ ತೆರೆದು, ಮುಚ್ಚಿ, ತೆರೆದು. ಅದ್ರಾಮಾಕರ ಬಾಯಿಯೂ ಹಾಗೆಯೇ ಆಡುತ್ತಿತ್ತು.

ಕಾರಿನ ಬಾಗಿಲು ಹಾಕಿಕೊಂಡ ಸದ್ದು ಕೇಳಿದಾಗ ಧಣಿಗಳ ಬೆನ್ನಿನ ರೆಕ್ಕೆ ನಿಧಾನವಾಗಿ ಎದ್ದು ನಿಂತಿತು. ರಾಜೀವಕ್ಕ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು ಗಾಜಿಗೆ ಮುಖ ಕೊಟ್ಟರು. ಧಣಿಗಳು ಮೇಲಿನಿಂದ ಒಂದು ಗೇಣು ಕೆಳಗಿಳಿದರು, ತಿರುಗಿದರು, ತೋಟ ನೋಡಲು ಹೊರಟವರ ಹಾಗೆ ಆ ತುದಿಯಿಂದ ಈ ತುದಿಗೆ ಬಂದು ರಾಜೀವಕ್ಕನ ಮೂಗಿನ ಎದುರು ನಿಂತರು. ರಾಜೀವಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಧಣಿಗಳಿಗೆ ಜೀವ ಬಂದ ಕೂಡಲೇ ಅದ್ರಾಮಾಕರ ನಾಲಿಗೆಗೂ ಜೀವ ಬಂತು. ಮೇಲೆ ಬಂದು ಬಾಯಿ ತೆರೆದದ್ದು ಧಣಿಗಳಿಗೆ ತಾವು ಮಾಡಿಸಿದ ಪ್ರಾಣಾಯಾಮ, ಕಡಲಿನ ದೊಡ್ಡ ದೊಡ್ಡ ಮೀನುಗಳೆಲ್ಲ ಬೆಳಗ್ಗೆ ಇದನ್ನೇ ಮಾಡುವುದು ಎಂದು ಶುರುಮಾಡಿದರು. ಇರ್ಷಾದ್ ಕೆಮ್ಮಿದ. ಶೀನಪ್ಪಣ್ಣ ಬೆರಳು ಮಡಚಿ ಮಡಚಿ ಟ್ಯಾಂಕಿನೊಳಗೆ ಎಣಿಸಿ, ಸೋಮವಾರ ಆರು ಕೆಂಪು ಮೀನು ಇತ್ತಲ್ಲ, ಈಗ ನಾಲ್ಕು ಯಾಕೆ ಎಂದು ಕೇಳಿದ. ಉಳಿದೆರಡು ಕಲ್ಲಿನ ಹಿಂದೆ ಮಲಗಿವೆ ಎಂದರು ಅದ್ರಾಮಾಕ. ಟ್ಯಾಂಕಿನಲ್ಲಿ ಇದ್ದದ್ದು ಲಿಂಬೆಹಣ್ಣಿನ ಗಾತ್ರದ ಒಂದೇ ಒಂದು ಕಲ್ಲು.

ರಾಜೀವಕ್ಕ ಕೈ ತೊಳೆಯಲು ಹಿತ್ತಲಿಗೆ ಹೋದರು. ನಲ್ಲಿಯ ಪಕ್ಕದಲ್ಲೇ ಪಾತುಮ್ಮಳ ಬಸಳೆ ಚಪ್ಪರ. ಅದನ್ನು ಕಂಡು ಅವರು ಕೈ ತೊಳೆಯುವುದನ್ನೂ ಮರೆತರು. ಅಂಗೈಗಿಂತ ಅಗಲದ ಎಲೆ, ಹೆಬ್ಬೆರಳು ದಪ್ಪದ ದಂಟು, ಚಪ್ಪರ ಹತ್ತಿ ಮುಗಿಸಿ ಮಾಡಿನ ಹಂಚಿಗೆ ಕೈ ಹಾಕಿತ್ತು. ಇಂಥ ಬಸಳೆ ನಾನು ನೋಡಿಯೇ ಇಲ್ಲ ಪಾತುಮ್ಮಕ್ಕ, ಎಂಥ ಗೊಬ್ಬರ ಎಂದು ಅವರು ಕೇಳಿದ್ದು ಒಳಗಿನವರಿಗೆಲ್ಲ ಕೇಳಿತು.

"ಮೀನು," ಎಂದಳು ಪಾತುಮ್ಮ. "ಎರಡು ತಿಂಗಳಿಂದ ಇವರೇ ತಂದು ಹೂತು ಹಾಕ್ತಾರೆ. ವಾರಕ್ಕೆ ಎರಡು, ಮೂರು. ಕೆಂಪು ಕೆಂಪು, ಸಣ್ಣದು."

ರಾಜೀವಕ್ಕ ಒಳಗೆ ಬಂದರು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅದ್ರಾಮಾಕ, ಈ ಟ್ಯಾಂಕಿನಲ್ಲಿ ಇದುವರೆಗೆ ಎಷ್ಟು ಸತ್ತದ್ದು?"

"ಎರಡು," ಎಂದರು ಅದ್ರಾಮಾಕ.

ಬಾಗಿಲಲ್ಲಿ ನಿಂತ ಪಾತುಮ್ಮ ಗಂಟಲು ಸರಿಮಾಡಿಕೊಂಡಳು.

"ಏಳು."

ಪಾತುಮ್ಮ ಇನ್ನೊಂದು ಸಲ ಸರಿಮಾಡಿಕೊಂಡಳು.

"ಹದಿನಾಲ್ಕು ಆಗಬಹುದು." ಧಕ್ಕೆಯ ಏಲಂನಲ್ಲಿ ಮೂವತ್ತೆರಡು ವರ್ಷ ಕೂಗಿದ ಮನುಷ್ಯ ತನ್ನ ವಿರುದ್ಧ ತಾನೇ ಕೂಗುತ್ತಿರುವುದು ಅವರಿಗೇ ತಿಳಿಯಿತು. ಶೀನಪ್ಪಣ್ಣ ಹದಿನಾಲ್ಕು ಒಂದು ಸಲ, ಹದಿನಾಲ್ಕು ಎರಡು ಸಲ ಎಂದ. ರಾಜೀವಕ್ಕ ಗಂಡನ ಕಡೆ ನೋಡಿದ್ದೇ ಅವನು ಮೂರನೆಯದನ್ನು ನುಂಗಿಕೊಂಡ.

"ಎಂಟು ದಿನದಲ್ಲಿ ಇನ್ನು ಐದು ದಿನ ಉಂಟು," ಎಂದರು ರಾಜೀವಕ್ಕ. ಸ್ವರ ಏರಲಿಲ್ಲ. "ಮನೆಯಲ್ಲಿ ಪೈಂಟಿನ ವಾಸನೆ. ಧಣಿಗಳನ್ನು ಇಲ್ಲಿ ಬಿಡುವುದಾ, ಕರ್ಕೊಂಡು ಹೋಗುವುದಾ? ನೀವೇ ಹೇಳಿ. ನಿಮ್ಮ ಮಾತು ನಂಬಿಯೇ ನಾನು ಬಿಟ್ಟದ್ದು."

ಅದ್ರಾಮಾಕ ಟ್ಯಾಂಕಿನ ಕಡೆ ನೋಡಿದರು. ಧಣಿಗಳು ಅತ್ತಿಂದಿತ್ತ ತಿರುಗಾಡುತ್ತಿದ್ದರು. ಏನಾದರೂ ದೊಡ್ಡದು ಹೇಳಬೇಕೆಂದು ಅವರ ನಾಲಿಗೆ ಎದ್ದಿತು. ಆ ಮೀನಿನ ಬಾಯಿ ತೆರೆದು ಮುಚ್ಚುವುದನ್ನು ಕಂಡು ಹಾಗೆಯೇ ಕೂತಿತು.

"ಇಪ್ಪತ್ತಮೂರು," ಎಂದರು. "ಇವತ್ತು ಬೆಳಗ್ಗಿನದು ಸೇರಿ. ಸತ್ತ ಹಾಗೆಲ್ಲ ಅದೇ ಬಣ್ಣದ್ದು ಬೆಳ್ತಂಗಡಿಯಿಂದ ತಂದು ಹಾಕ್ತಿದ್ದೆ, ಇರ್ಷಾದ್‌ಗೆ ಗೊತ್ತಾಗುವುದು ಬೇಡ ಅಂತ. ನೀವು ಸೋಮವಾರ ನೋಡಿದ ಆರರಲ್ಲಿ ನಾಲ್ಕು ಹಿಂದಿನ ದಿನ ಬಂದವು. ನಿಮ್ಮ ಸ್ಪಂಜು ಕೊಳಕು ಅಂತ ಬಿಸಾಡ್ಲಿಕ್ಕೆ ಹೇಳಿದ್ದೂ ನಾನೇ, ಇಟ್ಟದ್ದು ಇವಳು. ಕಿವಿರು ಕೆಂಪಾದ್ರೆ ಒಳ್ಳೆಯದು ಅಂತ ತಿಳ್ಕೊಂಡಿದ್ದೆ. ರಾಜೀವಕ್ಕ, ನನಗೆ ಸತ್ತ ಮೀನು ಗೊತ್ತುಂಟು. ಬದುಕಿದ್ದು ಗೊತ್ತಿಲ್ಲ. ಬಿಡುವುದಾದ್ರೆ ಇರ್ಷಾದ್ ದಿನಾ ಬಂದು ನೀರು ನೋಡ್ಲಿ, ಅವನು ಹೇಳಿದಷ್ಟೇ ಮಾಡ್ತೇನೆ. ಬ್ರಷ್ಷು ಮುಟ್ಟುವುದಿಲ್ಲ."

ಇರ್ಷಾದ್ ತಲೆಯಾಡಿಸಿದ. ರಾಜೀವಕ್ಕ ಬಹಳ ಹೊತ್ತು ಧಣಿಗಳನ್ನೂ ಅದ್ರಾಮಾಕರನ್ನೂ ಸರದಿಯಂತೆ ನೋಡಿದರು. ಆಮೇಲೆ ಕುರ್ಚಿ ಎಳೆದು ಕೂತು, ಪಾತುಮ್ಮಕ್ಕ, ಚಾ ಉಂಟಾ, ಸ್ವಲ್ಪ ಬಸಳೆಯೂ ಬೇಕಿತ್ತು ಎಂದರು. ಧಣಿಗಳು ಇಲ್ಲೇ ಇರುತ್ತಾರೆ ಎಂದು ಎಲ್ಲರಿಗೂ ಗೊತ್ತಾಯಿತು.

ಶೀನಪ್ಪಣ್ಣನಿಗೆ ಇನ್ನೂ ಒಂದು ಬಾಕಿ ಇತ್ತು. "ಹಾಗಾದ್ರೆ ಅದ್ರಾಮಾಕ, ಆ ಹಾರ್ನು? ನಡುಗಡಲಲ್ಲಿ ಬಂಗುಡೆ ಸಾಲಾಗಿ ನಿಲ್ಲುವುದು?"

ಅದ್ರಾಮಾಕ ಹೇಗೂ ಬಾಯಿ ಬಿಟ್ಟಾಗಿತ್ತು.

"ಬಂಗುಡೆ ಯಾವತ್ತೂ ಬರ್ಲಿಲ್ಲ ಮಾರಾಯ," ಎಂದರು. "ಬರ್ತಿದ್ದದ್ದು ಬೆಕ್ಕುಗಳು."